ಎಲ್ಲರಿಗಿಂತ ಹಿಂದೆ ಬಂದವನು

ಟೀವಿಯ ಸೈಕಲ್ ರೇಸಿನಲ್ಲಿ ಬಿಳಿ ಮಣ್ಣಿನ ರಸ್ತೆ ಕಂಡರೆ ಈಗಲೂ ನನಗೆ ನೀರು ಬಿದ್ದ ಕಲ್ಲುಪುಡಿಯ ವಾಸನೆ ಬರುತ್ತದೆ.

ಶಹಾಬಾದಿನ ನಮ್ಮ ಮನೆಯಲ್ಲಿ ಒಂದು ಸಂಜೆ ಕಾಕಾ ಟೀವಿಗೆ ಕಣ್ಣು ನೆಟ್ಟು ಕೂತಿದ್ದ. ದೂರದೇಶದ ಆ ರೇಸು ನಡೆಯುವ ಮೂರು ವಾರ ಅವನಿಗೆ ಊಟದ ಪರಿವೆಯೂ ಇರುತ್ತಿರಲಿಲ್ಲ. ಧೂಳಿನೊಳಗಿಂದ ಸವಾರರು ಒಬ್ಬೊಬ್ಬರಾಗಿ ಹೊರಬಂದರು, ರೆಪ್ಪೆಯವರೆಗೂ ಬಿಳಿ. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಗೆ ಸೈಕಲ್ ಮೇಲೆ ಹೋಗಿಬರುತ್ತಿದ್ದ ನಮ್ಮಜ್ಜ, ಮುತ್ಯಾ, ಹೀಗೆಯೇ ಕಾಣುತ್ತಿದ್ದನಂತೆ. ನಾನು ಹುಟ್ಟುವ ಮೊದಲು, ಒಂದು ದಿನ ಹೋದವನು ತಿರುಗಿ ಬಂದಿರಲಿಲ್ಲ.

ರೊಟ್ಟಿ ಬಡಿಯುತ್ತಿದ್ದ ಅಜ್ಜಿ, ನಮ್ಮ ಆಯಿ, ಹಿಟ್ಟಿನ ಕೈಯಲ್ಲೇ ಬಂದು ಟೀವಿಯ ಮುಂದೆ ನಿಂತಳು.

"ಎಲ್ಲಾರಿಗಿಂತ ಹಿಂದ ಒಬ್ಬಾಂವ ಬರಾಕತ್ತಾನ ನೋಡು."

"ಯಾರೂ ಇಲ್ಲ ಯವ್ವಾ. ಬರೀ ಧೂಳ ಅದ," ಎಂದ ಕಾಕಾ.

"ಭಾಳ ದಣಿದಾನ."

ಆಯಿ ಸಣ್ಣ ಬಾಯಿಯ ಹಿತ್ತಾಳೆ ತಂಬಿಗೆಗೆ ನೀರು ತುಂಬಿ ಹೊಸ್ತಿಲ ಹೊರಗೆ ಇಟ್ಟಳು. ಗಣಿಯಿಂದ ಬಂದವರು ಕೈಕಾಲು ತೊಳೆಯದೆ ಒಳಗೆ ಬರುತ್ತಿರಲಿಲ್ಲ.

ರೇಸು ಮುಗಿದ ಮೇಲೆ ಕಾಕಾ ಹೊರಗೆ ಹೋದ. ನಾನೂ ಹಿಂದೆ ಹೋದೆ. ತಂಬಿಗೆ ಇಟ್ಟಲ್ಲೇ ನಿಂತಿತ್ತು, ಖಾಲಿ. ಪಕ್ಕದ ಹಾಸುಗಲ್ಲಿನ ಮೇಲೆ ಬಿಳಿ ನೀರು ಹರಿದಿತ್ತು.

"ನಾಯಿ ಕುಡದಿರಬೇಕು," ಎಂದ ಕಾಕಾ.

ಎಂದವನೇ ತಂಬಿಗೆಯನ್ನು ಮತ್ತೆ ತುಂಬಿ ಅಲ್ಲೇ ಇಟ್ಟ. ಅಂದು ಮಲಗುವಾಗ ಬಾಗಿಲಿಗೆ ಅಗಳಿ ಹಾಕಲಿಲ್ಲ.