ಮೊಣಕೈ ಎತ್ತರದ ಕಿಟಕಿ

ಆಳುಗಳೆಲ್ಲ ಕೈಕಾಲು ತೊಳೆದು ಮನೆಗೆ ಹೊರಟ ಮೇಲೆ ಮೇಸ್ತ್ರಿ ತಾನೇ ಕರಣೆ ಹಿಡಿದು, ಅಕ್ಕನಿಗೆಂದು ಬಿಟ್ಟಿದ್ದ ಕಿಟಕಿಯ ಜಾಗಕ್ಕೆ ಇಟ್ಟಿಗೆ ಕಟ್ಟತೊಡಗಿದ. ಬೇರೆಯವರ ಕೈಯಲ್ಲಿ ಮಾಡಿಸಲು ಮನಸ್ಸು ಬರಲಿಲ್ಲ. ಚರ್ಚಿನ ಹೊಸ ಸಮುದಾಯ ಭವನದಲ್ಲಿ ಅಡುಗೆಮನೆಗೂ ಸಭಾಂಗಣಕ್ಕೂ ನಡುವೆ ಇದ್ದದ್ದು ಈ ಒಂದು ಗೋಡೆ, ಗೋಡೆಯಲ್ಲಿ ಈ ಒಂದು ಕಿಟಕಿ. ನಕ್ಷೆಯಲ್ಲಿ ಅದೂ ಇರಲಿಲ್ಲ.

ಕಿಟಕಿ ಹುಟ್ಟಿದ್ದು ಗೋಡೆ ಮೇಸ್ತ್ರಿಯ ಸೊಂಟದೆತ್ತರಕ್ಕೆ ಎದ್ದಾಗ. ಅಕ್ಕ ಚಹಾ ತಂದವಳು ಅಲ್ಲೇ ನಿಂತು, ವೇದಿಕೆ ಬರುವ ಕಡೆ ನೋಡುತ್ತಿದ್ದಳು. ಹಳೆಯ ಭವನದಲ್ಲಿ ಯಾವ ಸಮಾರಂಭವಾದರೂ ಅಡುಗೆ ಅವಳದೇ, ಹಿತ್ತಲಿನ ತಗಡಿನ ಮಾಡಿನ ಕೆಳಗೆ. ಭಾವ ಚರ್ಚಿನ ನಾಟಕಗಳ ಹಾಸ್ಯಗಾರ. ವೇದಿಕೆಗೆ ಕಾಲಿಟ್ಟರೆ ಸಾಕು, ಜನ ಬಿದ್ದು ಬಿದ್ದು ನಗುತ್ತಿದ್ದರು. ಅವನು ತೀರಿಕೊಳ್ಳುವವರೆಗೂ ಅಕ್ಕ ಅವನ ಒಂದು ನಾಟಕವನ್ನೂ ಕಂಡಿರಲಿಲ್ಲ.

"ನಕ್ಕಿದ್ದು ಕೇಳಿಸ್ತಿತ್ತು ಕಣೋ. ಯಾಕೆ ನಕ್ಕರು ಅಂತ ಗೊತ್ತಾಗ್ತಿರಲಿಲ್ಲ. ತಟ್ಟೆ ವಾಪಸ್ ತಂದವರನ್ನ ಕೇಳಿ, ಆಮೇಲೆ ಪಾತ್ರೆ ತಿಕ್ಕುತ್ತಾ ಒಬ್ಬಳೇ ನಗ್ತಿದ್ದೆ."

ಉದ್ಘಾಟನೆಯ ದಿನ ತನ್ನ ಮಗ ಅಪ್ಪನ ಹಾಸ್ಯದ ಪಾತ್ರವನ್ನೇ ಮಾಡುತ್ತಾನಂತೆ ಎಂದು ಅವಳು ಹೇಳಿದಾಗ ಮೇಸ್ತ್ರಿಗೆ ಎಲ್ಲಿಲ್ಲದ ಹುರುಪು ಬಂತು. ಅಕ್ಕನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಕೈ ಊರಿಸಿ, ಅವಳ ಮೊಣಕೈ ಬಂದಲ್ಲಿಗೆ ಸೀಮೆಸುಣ್ಣದಿಂದ ಗೆರೆ ಎಳೆದ. ಇಷ್ಟು ಕೆಳಗೆ ಯಾರಾದರೂ ಕಿಟಕಿ ಇಡುತ್ತಾರಾ ಎಂದು ಅವಳು ನಕ್ಕಳು. "ಕುಳ್ಳಿ ಅಕ್ಕನಿಗೆ ಕುಳ್ಳ ಕಿಟಕಿ," ಎಂದ ಅವನ ಬೆನ್ನಿಗೆ ಒಂದು ಗುದ್ದೂ ಬಿತ್ತು. ಮರುದಿನ ದಾರ ತಂದು ಅಳತೆ ತೆಗೆದುಕೊಂಡಳು, ಪರದೆ ಹೊಲಿಯಬೇಕಂತೆ. ನೋಡುವುದಕ್ಕೆಂದೇ ಬಿಟ್ಟ ಕಿಟಕಿಗೆ ಪರದೆ ಯಾಕೆ ಎಂದರೆ, ಕಿಟಕಿ ಅಂದ ಮೇಲೆ ಪರದೆ ಬೇಡವೇ ಎಂದು ಅವನನ್ನೇ ಕೇಳಿದಳು.

ಹೋದ ಭಾನುವಾರ ಪಾದ್ರಿಗಳು ಸಮಿತಿಯವರ ಜೊತೆ ಕೆಲಸ ನೋಡಲು ಬಂದಿದ್ದರು. ಹಳೆಯ ಭವನದ ಆಳೆತ್ತರದ ಮರದ ಶಿಲುಬೆಯನ್ನು ಬಾಗಿಲಿನಿಂದ ಬಂದವರಿಗೆ ಎದುರಾಗಿ ಕಾಣುವ ಗೋಡೆಗೇ ಹಾಕಬೇಕೆಂದು ಅಧ್ಯಕ್ಷರ ಆಸೆ. ಆ ಗೋಡೆ ಇದೇ. ಈ ಕಿಟಕಿ ಎಲ್ಲಿಂದ ಬಂತು ಎಂದು ಅಧ್ಯಕ್ಷರು ಹುಬ್ಬೇರಿಸಿದರು. ಗಾಳಿಗೆ ಬಿಟ್ಟಿದ್ದು ಎಂದ ಮೇಸ್ತ್ರಿ. ಪಾದ್ರಿಗಳು ಮಾತ್ರ ಹತ್ತಿರ ಬಂದು, ಮೆಲ್ಲಗೆ ಕೇಳಿದರು: "ಮುಚ್ಚಿದರೆ ಏನಾದರೂ ತೊಂದರೆ ಇದೆಯಾ, ಮೇಸ್ತ್ರಿ? ಇದ್ದರೆ ಹೇಳಿ. ಶಿಲುಬೆಯನ್ನ ವೇದಿಕೆ ಮೇಲೆ ಹಾಕಿದರೂ ನಡೆಯುತ್ತೆ."

ಹೇಳಬೇಕಾಗಿದ್ದದ್ದು ಒಂದೇ ಮಾತು. ಆದರೆ ಅಧ್ಯಕ್ಷರು ನೋಡುತ್ತಿದ್ದರು. ದೇವರ ಮನೆ ಕಟ್ಟುವ ಜಾಗದಲ್ಲಿ ಅಕ್ಕನಿಗೊಂದು ಕಿಟಕಿ ಇಟ್ಟುಕೊಂಡನಲ್ಲ ಎಂದು ನಾಳೆ ನಾಲ್ಕು ಜನ ಆಡಿಕೊಂಡರೆ?

"ತೊಂದರೆ ಏನಿಲ್ಲ, ಫಾದರ್."

ಈಗ ಕೊನೆಯ ಸಾಲಿನ ಇಟ್ಟಿಗೆ ಕೂತಿತು. ಸೀಮೆಸುಣ್ಣದ ಗೆರೆ ಎಂದೋ ಅಳಿಸಿತ್ತು. ಆದರೂ ಅವನು ಅದಿದ್ದ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿದ.

ಬೆಳಿಗ್ಗೆ ಚಹಾ ತಂದ ಅಕ್ಕ ಹಸಿ ಗಾರೆಯ ಮುಂದೆ ನಿಂತಳು. ಲೋಟಗಳನ್ನು ಕೆಳಗಿಟ್ಟಳು.

"ಮುಚ್ಚೋ ಮುಂಚೆ ನಿನ್ನನ್ನ ಒಂದು ಮಾತು ಕೇಳಲಿಲ್ವೇನೋ ಸಮಿತಿಯವರು?"

"ಇಲ್ಲ ಅಕ್ಕಾ. ದೊಡ್ಡವರು ತೀರ್ಮಾನ ಮಾಡಿದ ಮೇಲೆ ನಮ್ಮನ್ನ ಯಾರು ಕೇಳ್ತಾರೆ?"

"ಅದೂ ಸರಿ. ನಿನ್ನ ತಪ್ಪೇನಿದೆ." ಅವಳು ಅವನ ಲೋಟಕ್ಕೆ ಎಂದಿನಂತೆ ಎಲ್ಲರಿಗಿಂತ ಒಂದು ಗುಟುಕು ಹೆಚ್ಚೇ ಬಗ್ಗಿಸಿದಳು. ಉದ್ಘಾಟನೆಯ ದಿನ ಒಲೆ ನಾನು ನೋಡಿಕೊಳ್ಳುತ್ತೇನೆ, ನೀನು ಹೋಗಿ ನಾಟಕ ನೋಡು ಎಂದ ಅವನು. ಅನ್ನ ಸೀದು ಹೋದರೆ ಊಟಕ್ಕೆ ಕೂತವರು ನಿನ್ನನ್ನಲ್ಲ, ನನ್ನನ್ನು ಬೈಯುತ್ತಾರೆ ಎಂದು ಅವಳು ಅಷ್ಟಕ್ಕೇ ಮಾತು ಮುಗಿಸಿದಳು.

ಉದ್ಘಾಟನೆಯ ದಿನ ಸಭಾಂಗಣ ತುಂಬಿತ್ತು. ನಾಟಕಕ್ಕೆ ಮುಂಚೆ ಪಾದ್ರಿಗಳು ಮೇಸ್ತ್ರಿಯನ್ನು ವೇದಿಕೆಗೆ ಕರೆದರು. ಎದುರಿನ ಗೋಡೆಯ ಶಿಲುಬೆಯನ್ನು ತೋರಿಸಿ, ಅಲ್ಲೊಂದು ಕಿಟಕಿ ಇತ್ತು, ತೊಂದರೆಯಾಗುತ್ತದಾ ಎಂದು ನಾನೇ ಇವರನ್ನು ಕೇಳಿದ್ದೆ, ಮರುಮಾತಿಲ್ಲದೆ ಮುಚ್ಚಿಕೊಟ್ಟರು ಎಂದು ಎಲ್ಲರಿಗೂ ಹೇಳಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಕೈಮುಗಿದ. ಆ ಗೋಡೆಯನ್ನು ಚಪ್ಪಾಳೆ ದಾಟುತ್ತದೆ, ಮಾತು ದಾಟುವುದಿಲ್ಲ. ಅದು ಕಟ್ಟಿದವನಿಗೆ ಗೊತ್ತಿತ್ತು.

ಅವನು ಮೆಟ್ಟಿಲಿಳಿದು, ಸುತ್ತು ಹಾಕಿ, ಅಡುಗೆಮನೆಗೆ ಬಂದ. ಹಬೆಯ ನಡುವೆ ಅಕ್ಕ ಸೌಟು ಹಿಡಿದು ನಿಂತಿದ್ದಳು. ಅವಳ ಪಕ್ಕದ ಗೋಡೆಗೆ ಎರಡು ಮೊಳೆ ಹೊಡೆದು, ದಾರ ಕಟ್ಟಿ, ಸಣ್ಣ ಹೂವಿನ ಪರದೆಯೊಂದನ್ನು ಇಳಿಬಿಟ್ಟಿದ್ದಳು. ಅದರ ಅಂಚು ಸರಿಯಾಗಿ ಅವಳ ಮೊಣಕೈವರೆಗೆ ಬರುತ್ತಿತ್ತು. ಹಿಂದೆ ಬರೀ ಗೋಡೆ.

ಅವನನ್ನು ಕಂಡದ್ದೇ ಅವಳ ಮುಖ ಅರಳಿತು.

"ಬಂದೆಯಾ? ಯಾರನ್ನ ಕೇಳೋದು ಅಂತ ನೋಡ್ತಾ ಇದ್ದೆ. ಈಗ ಯಾಕೋ ಅಷ್ಟು ಜೋರಾಗಿ ಚಪ್ಪಾಳೆ ತಟ್ಟಿದರು?"