ಅಪ್ಪನ ಪುಟ

ಬ್ರೌಸರ್‌ಗಳು ಜನರ ಕಣ್ಣಿನೊಳಗೇ ಕೂತ ಮೇಲೆ, ನನ್ನ ಹಳೆಯ ಮಾದರಿಯ ಕಣ್ಣಿನಲ್ಲಿ ತೆರೆದು ನೋಡದೆ ನಮ್ಮ ಕಚೇರಿಯಿಂದ ಯಾವ ಜಾಲಪುಟವೂ ಹೊರಡುತ್ತಿರಲಿಲ್ಲ. ಹಳೆಯದಿರಲಿ ಹೊಸದಿರಲಿ, ಪುಟ ಎಲ್ಲ ಕಣ್ಣಿಗೂ ಕಾಣಲೇಬೇಕೆಂದು, ಪುಟ ಕಟ್ಟುವ ಶ್ರೀಪತಿಯೂ ನಾನೂ ಹನ್ನೆರಡು ವರ್ಷ ಒಟ್ಟಿಗೆ ದುಡಿದಿದ್ದೆವು.

ಅಪ್ಪನ ವೈಕುಂಠ ಸಮಾರಾಧನೆಗೆ ನೆನಪಿನ ಪುಟವನ್ನು ಅವನೇ ಮಾಡಿದ. ನೆಂಟರೆಲ್ಲ ಗೋಡೆಯತ್ತ ನೋಡಿ ಕಣ್ಣೊರೆಸಿಕೊಂಡರು. ನನಗೆ ಬರೀ ಸುಣ್ಣ ಕಂಡಿತು.

"ನಂಗೆ ತೋರಿಸ್ದೇ ಬಿಟ್ಯಾ?" ಎಂದು ಶ್ರೀಪತಿಯನ್ನು ಕೇಳಿದೆ.

"ಹೊಸ ಕಣ್ಣಲ್ಲಿ ನಿಮ್ಮಪ್ಪ ಓಡಾಡ್ತಾರೆ ಕಣೇ. ಹಳೇದಕ್ಕೆ ಅದೆಲ್ಲ ಆಗಲ್ಲ. ನೂರಕ್ಕೆ ಇಬ್ರು ಉಳಿದಿದೀರ, ನೀನೂ ಬದಲಾಯಿಸ್ಕೋ."

ಚಿಕ್ಕಮ್ಮ ನನ್ನ ಭುಜ ಹಿಡಿದು ಗೋಡೆಯ ಮೇಲೆ ನನಗೆ ಕಾಣದ ಪುಟದ ಕೊನೆಯ ಸಾಲನ್ನು ಓದಿದಳು. "ನೋಡೇ, ನಿನ್ನ ಹೆಸರೂ ಹಾಕಿದಾನೆ. 'ಹಳೆಯ ಕಣ್ಣಿನಲ್ಲಿ ನೋಡಿ ಒಪ್ಪಿದವರು, ಮಗಳು ವಿಶಾಲಾಕ್ಷಿ.'"