ಅಪ್ಪ ಊರಿಗೆ ಹೋದ ಮರುದಿನ

ಬೆಳಿಗ್ಗೆ ಲಾಡ್ಜಿನ ಬಾತ್‌ರೂಮಿನಲ್ಲಿ ಕೂತು ಕಸ್ತೂರಿ ಮಗನ ಅಂಗಿಯ ಕಾಲರ್ ಉಜ್ಜುತ್ತಿದ್ದಳು... ಯಾರೋ ದಬದಬ ರೂಮಿನ ಬಾಗಿಲು ಬಡಿದರು.

ನೊರೆಗೈಯನ್ನು ಸೆರಗಿಗೆ ಒರೆಸಿಕೊಂಡು ಬಾಗಿಲು ತೆಗೆದರೆ ಎದುರಿಗೆ ಮ್ಯಾನೇಜರ್ ಜಗನ್ನಾಥ.

"ಅಮ್ಮ, ನಿಮ್ಮ ಯಜಮಾನ್ರು ಎಲ್ಲಿ?"

"ನಿನ್ನೆ ಸಂಜಿ ಬಸ್ಸಿಗೆ ಊರಿಗೆ ಹೋದ್ರಿ. ಅವರ ರಜಾ ಮುಗೀತು."

"ಹಾಗಾದ್ರೆ ಮಧ್ಯಾಹ್ನದೊಳಗೆ ರೂಮ್ ಖಾಲಿ ಮಾಡಿ. ಒಂಟಿ ಹೆಂಗಸರಿಗೆ ನಾವು ರೂಮ್ ಕೊಡುದಿಲ್ಲ."

ಕಸ್ತೂರಿಗೆ ಮೊದಲು ಅರ್ಥವೇ ಆಗಲಿಲ್ಲ...

ಅದೇ ರೂಮು. ಅದೇ ಮಂಚ. ಅದೇ ಹೆಂಗಸು. ನಿನ್ನೆಯವರೆಗೆ ಇದೇ ಮನುಷ್ಯ ಕೌಂಟರಿನಲ್ಲಿ ಎದ್ದು ನಿಂತು "ಊಟ ಆಯ್ತಾ ಅಮ್ಮ?" ಎಂದು ಕೇಳುತ್ತಿದ್ದ.

ಅವಳು ಹಾವೇರಿ ಕಡೆಯಿಂದ ಮಂಗಳೂರಿಗೆ ಬಂದದ್ದು ಮಗ ಪ್ರಭುವಿಗಾಗಿ. ಒಂಬತ್ತು ವರ್ಷದ ಹುಡುಗ. ಮಾತು ಶುರುವಾಗುವಲ್ಲೇ ಸಿಕ್ಕಿಕೊಳ್ಳುತ್ತಿತ್ತು... ಶಾಲೆಯಲ್ಲಿ ಎಲ್ಲರೂ ಅಣಕಿಸಿ ಅಣಕಿಸಿ, ಹೊರಗಿನವರ ಎದುರು ಬಾಯಿ ತೆರೆಯುವುದನ್ನೇ ಬಿಟ್ಟುಬಿಟ್ಟಿದ್ದ.

ಇಲ್ಲಿ ಸ್ಪೀಚ್ ಥೆರಪಿ ಶುರುವಾಗಿತ್ತು. ತಿಂಗಳಿಡೀ ದಿನವೂ ಹೋಗಬೇಕು. ಥೆರಪಿ ಮೇಡಂ ಮೊದಲ ದಿನವೇ ಹೇಳಿದ್ದರು: "ಅವನ ಮಾತನ್ನು ನೀವು ಪೂರ್ತಿ ಮಾಡಬೇಡಿ. ಎಷ್ಟು ಹೊತ್ತಾದರೂ ಕಾಯಿರಿ."

ತಾಯಿ-ಮಗನ ಕೈಗೆ ಎಟುಕುವ ಬಾಡಿಗೆಯ ರೂಮ್ ಇದೊಂದೇ. ಇದು ಹೋದರೆ ಊರಿನ ಬಸ್ಸು ಹತ್ತಬೇಕು. ಥೆರಪಿ ಅಲ್ಲಿಗೆ ಮುಗಿಯಿತು.

"ನಾವೇನ್ ತಪ್ಪು ಮಾಡೀವ್ರಿ?" ಎಂದಳು ಕಸ್ತೂರಿ.

"ತಪ್ಪಲ್ಲ ಅಮ್ಮ, ಓನರ್ ರೂಲ್ಸ್. ನಾಳೆ ಎಂತಾದ್ರೂ ಆದ್ರೆ ಲಾಡ್ಜಿನ ಹೆಸರು ಹಾಳು."

"ಎದುರಿನ ರೂಮಿನವರು ಕುಡಿದು ಹಾಡ್ತಾರ, ಬಾಟ್ಲಿ ಒಡೀತಾರ. ಕಾರಿಡಾರ್‌ದಾಗ ಚಪ್ಪಲಿ ಇಲ್ದ ಓಡಾಡಂಗಿಲ್ಲ. ಆಗ ಹಾಳಾಗಂಗಿಲ್ಲೇನ್ರಿ ಹೆಸರು?"

"ಅವರು ಗಂಡಸರಲ್ವಾ... ರೆಗ್ಯುಲರ್ ಪಾರ್ಟಿ."

ಕಸ್ತೂರಿಯ ಕಿವಿ ಬಿಸಿಯಾಯಿತು. ಬಕೆಟ್ಟಿನ ನೀರನ್ನು ಈ ಮನುಷ್ಯನ ತಲೆಯ ಮೇಲೆ ಸುರಿದುಬಿಡಬೇಕು ಎನ್ನಿಸಿತು... ಹಲ್ಲು ಕಚ್ಚಿ ನಿಂತಳು. ಬೆನ್ನ ಹಿಂದೆ ಬಂದು ನಿಂತಿದ್ದ ಮಗನ ಮುಖ ನೋಡಿ ನಿಂತಳು.

ಜಗನ್ನಾಥನೂ ಹುಡುಗನನ್ನು ನೋಡಿದ. ಅವನ ಮುಖ ಅರಳಿತು.

"ಅರೆ! ಗಂಡು ಹುಡುಗ ಉಂಟಲ್ಲ ಮಾರಾಯ್ರೆ! ನಿಲ್ಲಿ, ಓನರ್ ಹತ್ರ ಮಾತಾಡ್ತೇನೆ."

ಅಲ್ಲೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. "ಸರ್, ಆ ಹಾವೇರಿ ಫ್ಯಾಮಿಲಿ... ಅಮ್ಮನ ಜೊತೆ ಗಂಡಸು ಉಂಟು ಸರ್. ಮಗ."

"ಹೌದಾ? ಫೋನ್ ಕೊಡು ಅವನಿಗೆ," ಎಂದಿತು ಆ ಕಡೆಯ ದನಿ.

ಫೋನ್ ಪ್ರಭುವಿನ ಮುಂದೆ ಬಂತು. ಹುಡುಗನ ಗಂಟಲು ಉಬ್ಬಿತು. ತುಟಿ ನಡುಗಿತು... ಮಾತು ಬರಲಿಲ್ಲ.

"'ನಾನಿದ್ದೇನೆ ಸರ್' ಅಂತ ಹೇಳು ಮಗಾ, ಅಷ್ಟೇ!" ಎಂದು ಪಿಸುಗುಟ್ಟಿದ ಜಗನ್ನಾಥ. ಹುಡುಗ ಸುಮ್ಮನಿದ್ದದ್ದು ನೋಡಿ ತಾನೇ ಕೂಗಿದ, "ಇದ್ದೇನೆ ಅಂತಾನೆ ಸರ್! ನಾಚಿಕೆ ಸ್ವಭಾವ!"

"ಸರಿ ಸರಿ. ಗಂಡು ದಿಕ್ಕು ಇದ್ರೆ ಇರ್ಲಿ ಬಿಡು."

ಮುಗಿಯಿತು. ರೂಮ್ ಉಳಿಯಿತು.

"ನೋಡಿದ್ರಾ ಅಮ್ಮ? ಒಂದು ಥ್ಯಾಂಕ್ಸ್ ಹೇಳಿ ಸರ್‌ಗೆ," ಎಂದು ನಕ್ಕ ಜಗನ್ನಾಥ.

ಕಸ್ತೂರಿ ಮಗನನ್ನು ಪಕ್ಕಕ್ಕೆ ಎಳೆದುಕೊಂಡಳು.

ಒಂಬತ್ತು ತಿಂಗಳು ಹೊತ್ತವಳು ಅವಳು. ಊರು ಬಿಟ್ಟು ಊರಿಗೆ ಕರೆತಂದವಳು ಅವಳು. ಇನ್ನೂ ಹಾಲುಹಲ್ಲು ಪೂರ್ತಿ ಬೀಳದ ಮಗು ಈಗ ಅವಳಿಗೆ ದಿಕ್ಕಂತೆ... ಅದಕ್ಕೆ ಅವಳು ಥ್ಯಾಂಕ್ಸ್ ಬೇರೆ ಹೇಳಬೇಕಂತೆ!

ಆದರೂ ಮಗನ ಥೆರಪಿ ನೆನೆದು ಆ ಸಿಟ್ಟನ್ನು ನುಂಗಲು ನೋಡಿದಳು.

ಆಗ ಪ್ರಭು ಕೈ ಚಾಚಿ ಜಗನ್ನಾಥನ ತೋಳು ಹಿಡಿದ. ಫೋನ್ ಇನ್ನೂ ಕಟ್ ಆಗಿರಲಿಲ್ಲ.

"ನ... ನ... ನ..."

"ನೀರು ಬೇಕಾ ಮಗಾ?"

ಹುಡುಗ ತಲೆ ಅಲ್ಲಾಡಿಸಿದ. "ನ... ನಮ್..."

"ನಮಸ್ಕಾರನಾ? ನಮಸ್ಕಾರ ಹೇಳ್ತಾನೆ ಸರ್..."

"ಸುಮ್ನಿರ್ರಿ!"

ಕಸ್ತೂರಿಯ ದನಿ ಕಾರಿಡಾರ್ ತುಂಬಿತು. ಎದುರಿನ ರೂಮಿನ ಬಾಗಿಲು ಕಿರ್ರೆಂದು ತೆರೆಯಿತು.

"ಅವನ ಮಾತು ಅವನೇ ಆಡ್ಲಿ. ನೀವು ಆಡಬ್ಯಾಡ್ರಿ. ಕಾಯ್ರಿ!"

ಜಗನ್ನಾಥ ಫೋನ್ ಹಿಡಿದುಕೊಂಡೇ ಬೆಪ್ಪಾಗಿ ನಿಂತ.

ಮಗನನ್ನು ಸುಮ್ಮನಾಗಿಸಿದರೆ ರೂಮ್ ಖಂಡಿತ ಉಳಿಯುತ್ತದೆ... ಅದು ಅವಳಿಗೂ ಗೊತ್ತಿತ್ತು. ಆದರೂ ಮಗನ ಎದುರು ಮೊಣಕಾಲೂರಿ ಕೂತಳು.

"ಹೇಳಪ್ಪ. ಅವಸರ ಇಲ್ಲ."

ಹುಡುಗ ಉಸಿರು ಎಳೆದುಕೊಂಡ. ಮುಖ ಕೆಂಪಾಯಿತು. ಕತ್ತಿನ ನರ ಬಿಗಿಯಿತು. ಒಂದೊಂದು ಶಬ್ದವನ್ನೂ ಕಲ್ಲು ಎತ್ತಿದಂತೆ ಎತ್ತಿ ಇಟ್ಟ. ಕೇಳುತ್ತಾ ಕೇಳುತ್ತಾ ಕಸ್ತೂರಿಯ ಕಣ್ಣಿಂದ ನೀರು ಸುರಿಯಿತು... ಮಗ ಹೊರಗಿನವರ ಎದುರು ಒಂದು ಮಾತನ್ನು ಪೂರ್ತಿ ಆಡಿ ಎರಡು ವರ್ಷವಾಗಿತ್ತು.

"ನ... ನಮ್ಮಪ್ಪ ಇದ್ದಾಗ... ನಮ್ಮವ್ವ ಒ... ಒಳ್ಳೇಕಿ ಇದ್ಲು. ಅಪ್ಪ ಊರಿಗೆ ಹೋದ... ಒಂದು ರಾತ್ರಿ ಒಳಗ... ನಮ್ಮವ್ವ ಏನ್... ಬದಲಾದ್ಲ್ರೀ ಸರ್?"



ಹೆಣ್ಣಿನ ಮರ್ಯಾದೆ ಅವಳ ಪಕ್ಕ ನಿಂತ ಗಂಡಸಿನಿಂದ ಬಂದದ್ದಲ್ಲ... ಅದು ಅವಳದ್ದೇ.

ಆ ಫೋನಿನ ಇನ್ನೊಂದು ತುದಿಯಲ್ಲಿ ನೀವಿದ್ದಿದ್ದರೆ... ಆ ಮಗುವಿಗೆ ಏನೆಂದು ಉತ್ತರ ಕೊಡುತ್ತಿದ್ದಿರಿ?